ಮೂಸಂಬಿಯೋ, ಸೋರೆಕಾಯಿಯೋ?

ನಾನು ಪುಣೆಗೆ ಬಂದು ಮೂವತ್ತೆರಡು ವರ್ಷ ಆಯ್ತು. ಆಗಾಖಾನ್ ಅರಮನೆಯ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿ ನಡೆದ ಉಪವಾಸದ ಕಥೆಯನ್ನು ಸರಿಯಾಗಿ ಓದಿದ್ದು ಮಾತ್ರ ಹೋದ ತಿಂಗಳು, ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದ ಮೇಲೆ!

ಆಗಿದ್ದಿಷ್ಟು. ಮೂರು ದಿನ ಬರೀ ರಸದಲ್ಲೇ ಇರ್ತೀನಿ ಅಂತ ಹಠ ಹಿಡಿದಿದ್ದೆ. ನನಗೋ ಸಕ್ಕರೆ ಕಾಯಿಲೆ. "ರೀ, ಮೂಸಂಬಿ ಬೇಡ, ಸೋರೆಕಾಯಿ ರಸ ಮಾಡ್ಕೊಡ್ತೀನಿ" ಅಂದಳು ನನ್ನಾಕೆ. "ಗಾಂಧೀಜಿ ಇದೇ ಊರಲ್ಲಿ ಮೂಸಂಬಿ ರಸ ಕುಡ್ಕೊಂಡೇ ಇಪ್ಪತ್ತೊಂದು ದಿನ ಇದ್ರು ಕಣೇ" ಅಂತ ಅವಳ ಬಾಯಿ ಮುಚ್ಚಿಸಿದೆ. ಮಾತ್ರೆಯನ್ನು ಎಂದಿನಂತೆ ನುಂಗಿದೆ. ರಾತ್ರಿ ಆಕಾಶಕ್ಕೇರಿದ್ದ ಸಕ್ಕರೆ ಬೆಳಿಗ್ಗೆ ಪಾತಾಳಕ್ಕಿಳಿದಿತ್ತು. ಮೈಯೆಲ್ಲ ಬೆವರಿ ಕುಸಿದವನನ್ನು ಅವಳೇ ಸಕ್ಕರೆ ನೀರು ಕುಡಿಸಿ ಎಬ್ಬಿಸಿದಳು.

ಮಲಗಿದಲ್ಲೇ ಹಳೆಯ ಪುಸ್ತಕ ತಿರುವಿದಾಗ ನನ್ನ ತಪ್ಪು ಗೊತ್ತಾಯಿತು.

1932ರ ಸೆಪ್ಟೆಂಬರ್ 20ರಂದು ಯೆರವಡಾ ಜೈಲಿನಲ್ಲಿ ಉಪವಾಸಕ್ಕೆ ಕೂರುವ ಮುನ್ನ ಗಾಂಧೀಜಿ ಬಿಸಿನೀರಿಗೆ ನಿಂಬೆರಸ, ಜೇನು ಬೆರೆಸಿ ಕುಡಿದರು. ಆಮೇಲೆ ನೀರು, ಅದಕ್ಕೆ ಉಪ್ಪು ಅಥವಾ ಸೋಡಾಪುಡಿ, ಅಷ್ಟೇ. 26ರ ಸಂಜೆ ರವೀಂದ್ರನಾಥ ಠಾಕೂರರ ಎದುರು, ಕಸ್ತೂರಬಾ ಕೊಟ್ಟ ಕಿತ್ತಳೆ ರಸ ಕುಡಿದರು. ಅಂದರೆ ಹಣ್ಣಿನ ರಸ ಬಂದದ್ದು ಉಪವಾಸ ಮುರಿಯುವುದಕ್ಕೆ!

ಆಗಾಖಾನ್ ಅರಮನೆಯಲ್ಲಿ ಸೆರೆಯಿದ್ದಾಗ, 1943ರ ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ ನಡೆದದ್ದೇ ನಾನು ಹೇಳಿದ ಇಪ್ಪತ್ತೊಂದು ದಿನದ ಉಪವಾಸ. ಆಗ ಅವರಿಗೆ 73 ವರ್ಷ. ಈಗೀಗ ನೀರು ಮೈಗೆ ಒಗ್ಗುತ್ತಿಲ್ಲ, ನಿಂಬೆ ಜಾತಿಯ ಹಣ್ಣಿನ ರಸ ಬೆರೆಸಿಕೊಳ್ಳುತ್ತೇನೆ, ಸಾಯುವುದು ನನ್ನ ಇಚ್ಛೆಯಲ್ಲ ಅಂತ ವೈಸರಾಯ್ ಲಿನ್ಲಿತ್‌ಗೋಗೆ ಮೊದಲೇ ಬರೆದಿದ್ದರು. ನಡುವೆ ಸ್ಥಿತಿ ಗಂಭೀರವಾಗಿ ನೀರೂ ಇಳಿಯದಾದಾಗ ಸ್ವಲ್ಪ ಮೂಸಂಬಿ ರಸ ಸೇರಿಸಲಾಯಿತು. ಸುಶೀಲಾ ನಯ್ಯರ್, ಗಿಲ್ಡರ್, ಬಿ.ಸಿ. ರಾಯ್ ಅವರಂಥ ವೈದ್ಯರು ಪಕ್ಕದಲ್ಲಿದ್ದರು.

ಅವರಿಗೆ ರಸ ಬೇಕಾಗಿದ್ದು ನೀರು ಒಳಗಿಳಿಯಲಿ ಅಂತ. ನಾನು ಅದನ್ನೇ ಊಟ ಮಾಡಿಕೊಂಡಿದ್ದೆ, ಲೋಟದ ಮೇಲೆ ಲೋಟ!

ಹಣ್ಣು ಹಿಂಡಿದರೆ ನಾರೆಲ್ಲ ಹೋಗಿ ಸಕ್ಕರೆ ಬೇಗ ರಕ್ತಕ್ಕಿಳಿಯುತ್ತದೆ. ಸೌತೆಕಾಯಿ, ಬೂದುಗುಂಬಳದಲ್ಲಿ ಸಕ್ಕರೆ ಕಡಿಮೆ. ಕ್ಯಾರೆಟ್, ಬೀಟ್‌ರೂಟ್ ತರಕಾರಿಯಾದರೂ ಸಿಹಿಯೇ. ಕಿಡ್ನಿಯಲ್ಲಿ ಕಲ್ಲಾಗುವವರಿಗೆ ಪಾಲಕ್, ಬೀಟ್‌ರೂಟ್ ರಸ ಒಳ್ಳೆಯದಲ್ಲ. ಇಲ್ಲಿಯವರು ದುಧಿ ಅನ್ನುವ ನಮ್ಮ ಸೋರೆಕಾಯಿಯ ರಸ ಕಹಿಯಿದ್ದರೆ ಒಂದು ಗುಟುಕೂ ಕುಡಿಯಬೇಡಿ, ಅದು ವಿಷ. ಇನ್ನು ಸಕ್ಕರೆ ಕಾಯಿಲೆಯವರು ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳದೆ ಯಾವ ರಸವನ್ನೂ ನೆಚ್ಚಿ ಉಪವಾಸ ಕೂರಬಾರದು.

ಮೊನ್ನೆ ಭಾನುವಾರ ಇಬ್ಬರೂ ಆಗಾಖಾನ್ ಅರಮನೆಗೆ ಹೋಗಿದ್ದೆವು. 1944ರಲ್ಲಿ ಅಲ್ಲೇ ತೀರಿಕೊಂಡ ಕಸ್ತೂರಬಾ ಅವರ ಸಮಾಧಿಯ ಮುಂದೆ ಇವಳು ಬಹಳ ಹೊತ್ತು ನಿಂತಿದ್ದಳು. ಹೊರಗೆ ಬಂದ ಮೇಲೆ, "ರಸ ಕೈಗೆ ಕೊಡೋರ ಮಾತನ್ನೂ ಒಂಚೂರು ಕೇಳಬೇಕು ರೀ" ಅಂದಳು.

ಈ ಸಲ ನಾನು ಬಾಯಿ ಮುಚ್ಚಿಕೊಂಡೆ.