ಕುದುರೆ ಪಂದ್ಯದ ಬಾಜಿ

ಓಟದಲ್ಲಿ ಕುದುರೆಗಳು ಯಾವ ಕ್ರಮದಲ್ಲಿ ಗುರಿ ಮುಟ್ಟುತ್ತವೆಂದು ಊಹಿಸಿ ಹಣ ಕಟ್ಟುವ ಪದ್ಧತಿ. ಭಾರತದಲ್ಲಿ ಬೆಂಗಳೂರು, ಮೈಸೂರು, ಮುಂಬಯಿ, ಪುಣೆ, ಕೋಲ್ಕತ್ತ, ಹೈದರಾಬಾದ್ ಮೊದಲಾದ ಕಡೆಯ ರೇಸ್ ಕೋರ್ಸುಗಳಲ್ಲಿ ಇದು ರೂಢಿಯಲ್ಲಿದೆ. ಕುದುರೆಯ ಮಾಲೀಕರಿಗೆ ಸಲ್ಲುವ ಬಹುಮಾನ ಬೇರೆ, ಬಾಜಿ ಕಟ್ಟಿದವರಿಗೆ ಸಿಗುವ ಹಣ ಬೇರೆ.

ಗೆಲುವು: ಮೂಗಿನ ತುದಿ ಮೊದಲು ಗೆರೆ ದಾಟಿದ ಕುದುರೆ ಗೆಲ್ಲುತ್ತದೆ. ಅಂತರ ಕಣ್ಣಿಗೆ ನಿಲುಕದಿದ್ದರೆ ಫೋಟೊ ಫಿನಿಶ್ ಚಿತ್ರ ನೋಡಿ ತೀರ್ಮಾನಿಸುತ್ತಾರೆ. ಎರಡು ಕುದುರೆಗಳು ಸಮನಾದರೆ ಅದು ಡೆಡ್ ಹೀಟ್. ಆಗ ಮೊದಲ ಎರಡು ಸ್ಥಾನಗಳ ಬಹುಮಾನವನ್ನು ಕೂಡಿಸಿ ಸಮನಾಗಿ ಹಂಚಲಾಗುತ್ತದೆ. ಓಟದ ನಂತರ ಸವಾರ (ಜಾಕಿ) ತೂಕ ಮಾಡಿಸಿಕೊಳ್ಳಬೇಕು. ಮತ್ತೊಂದು ಕುದುರೆಯ ದಾರಿಗೆ ಅಡ್ಡ ಬಂದ ದೂರಿದ್ದರೆ ಪಂದ್ಯದ ಅಧಿಕಾರಿಗಳಾದ ಸ್ಟೂವರ್ಡ್‌ಗಳು ವಿಚಾರಿಸಿ ಸ್ಥಾನ ಬದಲಿಸಬಹುದು. ಅದಕ್ಕೇ ಫಲಿತಾಂಶ ಅಧಿಕೃತವಾಗುವ ತನಕ ಟಿಕೆಟ್ ಹರಿದು ಬಿಸಾಡಬಾರದು.

ಬಹುಮಾನ: ಮೊತ್ತವನ್ನು ಪಂದ್ಯ ನಡೆಸುವ ಕ್ಲಬ್ ಮೊದಲೇ ಪ್ರಕಟಿಸುತ್ತದೆ. ದೊಡ್ಡ ಪಾಲು ಗೆದ್ದ ಕುದುರೆಯ ಮಾಲೀಕರಿಗೆ, ನಂತರದ ಕೆಲವು ಸ್ಥಾನಗಳಿಗೆ ಇಳಿಕೆಯ ಪಾಲು. ಟ್ರೇನರ್ ಮತ್ತು ಜಾಕಿಗೂ ಅದರಲ್ಲಿ ಶೇಕಡಾವಾರು ಸಲ್ಲುತ್ತದೆ. ಪ್ರವೇಶ ಶುಲ್ಕ, ಪ್ರಾಯೋಜಕರ ನೆರವು ಮತ್ತು ಬಾಜಿಯಿಂದ ಕ್ಲಬ್ಬಿಗೆ ಬರುವ ಕಮಿಷನ್ ಬಹುಮಾನದ ಮೂಲಗಳು. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ನಡೆಯುವ 2400 ಮೀಟರಿನ ಇಂಡಿಯನ್ ಡರ್ಬಿ ದೇಶದ ಪ್ರತಿಷ್ಠಿತ ಪಂದ್ಯ.

ಬಾಜಿಯ ಬಗೆಗಳು: ಗೆಲ್ಲುವ ಕುದುರೆಗೆ ಕಟ್ಟುವುದು ವಿನ್, ಮೊದಲ ಕೆಲವು ಸ್ಥಾನಗಳಲ್ಲಿ ಯಾವುದಕ್ಕೆ ಬಂದರೂ ಸಾಕು ಎಂಬುದು ಪ್ಲೇಸ್. ಮೊದಲೆರಡು ಕುದುರೆಗಳನ್ನು ಕ್ರಮವಾಗಿ ಹೇಳುವುದು ಫೋರ್‌ಕಾಸ್ಟ್, ಮೊದಲ ಮೂರನ್ನು ಕ್ರಮವಾಗಿ ಹೇಳುವುದು ಟ್ರೈಫೆಕ್ಟಾ. ಹಲವು ಓಟಗಳ ವಿಜೇತರನ್ನು ಒಟ್ಟಿಗೆ ಊಹಿಸುವುದು ಜಾಕ್‌ಪಾಟ್.

ಲೆಕ್ಕ: ಬಾಜಿ ಸ್ವೀಕರಿಸುವ ಬುಕ್ಕಿಯ ಬಳಿ ಕಟ್ಟಿದಾಗ ದರ ಆ ಕ್ಷಣಕ್ಕೇ ನಿಗದಿ. ನಾಲ್ಕಕ್ಕೆ ಒಂದರ ದರದಲ್ಲಿ 100 ರೂಪಾಯಿ ಕಟ್ಟಿ ಗೆದ್ದರೆ 400 ರೂಪಾಯಿ ಲಾಭ, ಕಟ್ಟಿದ ಹಣವೂ ವಾಪಸು, ತೆರಿಗೆ ಬೇರೆ. ಟೋಟ್ ಪದ್ಧತಿಯಲ್ಲಿ, ಅಂದರೆ 1867ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಜೋಸೆಫ್ ಒಲ್ಲರ್ ಆರಂಭಿಸಿದ ಕ್ರಮದಲ್ಲಿ, ಎಲ್ಲರ ಹಣ ಒಂದೇ ನಿಧಿಗೆ ಸೇರುತ್ತದೆ. ಉದಾಹರಣೆಗೆ ನಿಧಿ 1,00,000 ರೂಪಾಯಿ, ಕಡಿತ 20,000 ರೂಪಾಯಿ ಎಂದುಕೊಂಡರೆ ಹಂಚಲು ಉಳಿಯುವುದು 80,000. ಗೆದ್ದ ಕುದುರೆಯ ಮೇಲೆ ಎಲ್ಲರೂ ಸೇರಿ 10,000 ರೂಪಾಯಿ ಕಟ್ಟಿದ್ದರೆ 10 ರೂಪಾಯಿಯ ಟಿಕೆಟ್ಟಿಗೆ 80 ರೂಪಾಯಿ ಬರುತ್ತದೆ. ಆದ್ದರಿಂದ ಹೆಚ್ಚು ಜನ ನಂಬಿದ ಫೇವರಿಟ್ ಗೆದ್ದರೆ ಸಿಗುವುದು ಕಡಿಮೆ. ಬಾಜಿ ಮುಚ್ಚುವ ತನಕ ಅಂತಿಮ ದರ ಯಾರಿಗೂ ತಿಳಿಯದು. ಎರಡೂ ಪದ್ಧತಿಗಳಲ್ಲಿ ದೀರ್ಘಾವಧಿಯ ಲೆಕ್ಕ ಬಾಜಿ ಕಟ್ಟುವವರಿಗೆ ಪ್ರತಿಕೂಲವೇ: ಟೋಟ್ ನಿಧಿಯಲ್ಲಿ ಕಡಿತವಾಗುತ್ತದೆ, ಬುಕ್ಕಿ ತನ್ನ ಲಾಭವನ್ನು ದರದಲ್ಲೇ ಸೇರಿಸಿಕೊಂಡಿರುತ್ತಾನೆ.

ಕಾನೂನು ಮತ್ತು ತೆರಿಗೆ: ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್, ಕುದುರೆ ಪಂದ್ಯ ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪಿತ್ತಿತು. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ಣ ಮೊತ್ತಕ್ಕೆ ಶೇ. 28 ಜಿಎಸ್‌ಟಿ ಅನ್ವಯವಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40ಕ್ಕೆ ಏರಿತು.