ಆಂಡ್ರೊಜನ್ ನಿರೋಧಕ ಔಷಧಗಳು ಮತ್ತು ಚರ್ಮಚಿಕಿತ್ಸೆ: ಬಳ್ಳಾರಿ ಪರಿಸರದ ಹಿನ್ನೆಲೆಯಲ್ಲಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಬಿಸಿಲುಸೀಮೆಯಲ್ಲಿ ಮೊಡವೆಯನ್ನು ಮೈಯ ಉಷ್ಣದ ಫಲವೆಂದು ಭಾವಿಸುವ ರೂಢಿ ಹಳೆಯದು. ಅದರ ಮೂಲದಲ್ಲಿ ಪುರುಷ ಹಾರ್ಮೋನುಗಳಾದ ಆಂಡ್ರೊಜನ್‌ಗಳ ಪಾತ್ರ ಪ್ರಮುಖವೆಂಬುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1941ರಲ್ಲಿ ಪ್ರತಿಪಾದಿಸಿದರು. ಈ ಹಾರ್ಮೋನುಗಳು ಸ್ತ್ರೀದೇಹದಲ್ಲಿಯೂ ಉಂಟು.

ಇವುಗಳನ್ನು ತಡೆಯುವ ಔಷಧವು ದೊರೆತ ಬಗೆ ಕುತೂಹಲಕರವಾದುದು. ಸ್ಪೈರೊನೊಲ್ಯಾಕ್ಟೋನ್ 1950ರ ದಶಕದ ಕೊನೆಯಲ್ಲಿ ಮೈಯಲ್ಲಿ ನೀರು ತುಂಬುವ ಊತಕ್ಕಾಗಿ, ರಕ್ತದೊತ್ತಡಕ್ಕಾಗಿ ಬಳಕೆಗೆ ಬಂದ ಮೂತ್ರವರ್ಧಕ. ಸೇವಿಸಿದ ಕೆಲವು ಪುರುಷರಲ್ಲಿ ಸ್ತನಗಳು ಬೆಳೆದವು. ವೈದ್ಯರಿಗೆ ತೊಡಕೆನಿಸಿದ ಈ ಅಡ್ಡಪರಿಣಾಮವೇ ಆಂಡ್ರೊಜನ್ ನಿರೋಧಕ ಗುಣದ ಸುಳಿವಾಯಿತು. 1970ರ ದಶಕದ ಕೊನೆಯಿಂದ ಸ್ತ್ರೀಯರ ಮುಖದ ಅತಿರೋಮಕ್ಕೂ ಬಳಿಕ ಮೊಡವೆಗೂ ಇದನ್ನು ನೀಡಲಾಯಿತು. ಆದರೂ ಮೊಡವೆಯ ವಿಷಯದಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆಯ ಆಧಾರ ದೊರೆತದ್ದು ತೀರ ತಡವಾಗಿ: 410 ಸ್ತ್ರೀಯರನ್ನೊಳಗೊಂಡ ಬ್ರಿಟನ್ನಿನ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಲೇಪನರೂಪದ ಕ್ಲಾಸ್ಕೊಟೆರೋನ್‌ಗೆ ಅಮೆರಿಕದಲ್ಲಿ ಮನ್ನಣೆ ದೊರೆತದ್ದು 2020ರಲ್ಲಿ.

1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಬಳ್ಳಾರಿ ನಗರವು ಸುತ್ತಲ ತಾಲ್ಲೂಕುಗಳಿಗೆ ತಜ್ಞಚಿಕಿತ್ಸೆಯ ಕೇಂದ್ರ. ಈ ಔಷಧದ ಗುಣ ಕಾಣಲು ತಿಂಗಳುಗಳೇ ಬೇಕು. ಮೂತ್ರಪಿಂಡದ ತೊಂದರೆಯುಳ್ಳವರಲ್ಲಿ ರಕ್ತದ ಪೊಟ್ಯಾಸಿಯಂ ಪರೀಕ್ಷೆ ಅನಿವಾರ್ಯ. ಸಿರುಗುಪ್ಪದಿಂದ ಬಸ್ಸು ಹಿಡಿದು ಬರುವವರಿಗೆ ಪ್ರತಿ ಭೇಟಿಯೂ ಒಂದು ದಿನದ ಕೂಲಿಯ ನಷ್ಟ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸ್ಟಿರಾಯ್ಡ್ ಮುಲಾಮಿನ ಆಕರ್ಷಣೆ ಇಲ್ಲಿಯೇ ಇದೆ. ಅದಾದರೋ ಕೆಲಕಾಲ ಮುಖವನ್ನು ತಿಳಿಗೊಳಿಸಿ, ಮುಂದೆ ತಾನೇ ಮೊಡವೆಯನ್ನುಂಟುಮಾಡುತ್ತದೆ. ಇನ್ನೊಂದು ಅಂಶವು ಇದಕ್ಕಿಂತ ಗಂಭೀರವಾದುದು. ಗರ್ಭಿಣಿಯು ಆಂಡ್ರೊಜನ್ ನಿರೋಧಕವನ್ನು ಸೇವಿಸಿದರೆ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಧಕ್ಕೆಯಾಗುವ ಅಪಾಯವಿದೆ. ಆದ್ದರಿಂದ ಮದುವೆ ನಿಶ್ಚಯವಾದ ಯುವತಿಗೆ ಮೊದಲ ಚೀಟಿ ಬರೆಯುವಾಗಲೇ ಈ ಸಂಗತಿಯನ್ನು ತಿಳಿಸಬೇಕಾಗುತ್ತದೆ.