ಎಪ್ಪತ್ತು ಪರ್ಸೆಂಟ್ ಅಂದರೆ ಯಾರ ಲೆಕ್ಕ?

ಹಾನಗಲ್, ಶಿಗ್ಗಾಂವಿ, ಸವಣೂರು ಕಡೆಯವರಿಗೆ ಲಕ್ವ ಹೊಡೆದರೆ ಹುಬ್ಬಳ್ಳಿಗೆ ಓಡಬೇಕು. ಹಿರೇಕೆರೂರಿನವರು ದಾವಣಗೆರೆಗೋ ಶಿವಮೊಗ್ಗಕ್ಕೋ. ಅಲ್ಲಿಂದ ರಿಪೋರ್ಟಿನ ಫೋಟೋ ನನ್ನ ವಾಟ್ಸಾಪಿಗೆ ಬರುತ್ತದೆ. "ತಮ್ಮಾ, ಕುತ್ತಿಗಿ ನರ ಎಪ್ಪತ್ತು ಪರ್ಸೆಂಟ್ ಬಂದ್ ಆಗೇತಂತ. ಆಪರೇಷನ್ ಮಾಡಸೂಣೇನು?" ಅಂತ ಊರಿನ ಕಾಕಾ ಕೇಳಿದರು. ನಾನು ಡಾಕ್ಟರಲ್ಲ. ಆದರೆ ಆ ಎಪ್ಪತ್ತು ಎಲ್ಲಿಂದ ಬಂತು ಅಂತ ಹುಡುಕಿದೆ.

1927ರಲ್ಲಿ ಲಿಸ್ಬನ್‌ನ ಎಗಾಸ್ ಮೋನಿಜ್ ಕತ್ತಿನ ಕೆರೋಟಿಡ್ ನಾಳಕ್ಕೆ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದ. ನಾಳದ ಒಳಜಾಗ ಹಾಗೇ ಅಚ್ಚಾಯಿತು. 1991ರಲ್ಲಿ ಉತ್ತರ ಅಮೆರಿಕದ ನಾಸೆಟ್ ಅಧ್ಯಯನ ಅಳೆದಿದ್ದೂ ಇಂಥ ಎಕ್ಸ್‌ರೇಯಲ್ಲೇ. ಲಕ್ಷಣ ಕಾಣಿಸಿಕೊಂಡು, ನಾಳ ಶೇ. 70ರಿಂದ 99ರಷ್ಟು ಕಿರಿದಾದವರಲ್ಲಿ ಬರೀ ಔಷಧಿ ತಗೊಂಡ ಶೇ. 26 ಮಂದಿಗೆ ಎರಡು ವರ್ಷದೊಳಗೆ ಅದೇ ಬದಿಯ ನಾಳದಿಂದ ಲಕ್ವ ಹೊಡೆಯಿತು. ಆಪರೇಷನ್ ಆದವರಲ್ಲಿ ಶೇ. 9. ಅಂದಿನಿಂದ ಎಪ್ಪತ್ತು ಅನ್ನೋದು ಗಡಿಗೆರೆ.

ಆದರೆ ಎಂಆರ್‌ಐ ಬೇರೆ ಜಾತಿಯದು. 1973ರಲ್ಲಿ ಪಾಲ್ ಲೌಟರ್‌ಬರ್ ಅದರ ಮೊದಲ ಚಿತ್ರ ಪ್ರಕಟಿಸಿದ. 1980ರ ದಶಕದಲ್ಲಿ ಇಂಜೆಕ್ಷನ್ ಇಲ್ಲದೆ ನಾಳ ತೋರಿಸುವ ವಿಧಾನ ಬಂತು. ಇದು ನಾಳವನ್ನಲ್ಲ, ಹರಿವನ್ನು ನೋಡುತ್ತದೆ. ಮುಂಗಾರಿನಲ್ಲಿ ವರದೆಗೆ ಬರುವ ಕೆಂಪು ಹೊಸ ನೀರಿನ ಹಾಗೆ, ಹೊಸದಾಗಿ ಒಳಬಂದ ರಕ್ತ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಕಿರಿದಾದ ಜಾಗ ದಾಟಿ ರಕ್ತ ಸುಳಿ ಸುತ್ತಿದರೆ ಹೊಳಪು ಹೋಗುತ್ತದೆ, ನಿಧಾನವಾದರೂ ಅಷ್ಟೇ. ಕಿರಿದಾಗಿದ್ದು ಪೂರಾ ಬಂದ್ ಆದಂತೆ ಕಾಣಬಹುದು. ಉಲ್ಟಾನೂ ಉಂಟು: ಕೆಲವು ದಿನ ಹಳೆಯ ರಕ್ತದ ಗರಣೆ ತಾನೇ ಬೆಳ್ಳಗೆ ಹೊಳೆದು, ಹರಿವು ಇದೆ ಅಂತ ನಂಬಿಸುತ್ತದೆ.

1990ರ ದಶಕದಲ್ಲಿ ಗ್ಯಾಡೋಲಿನಿಯಂ ಚುಚ್ಚುವ ವಿಧಾನ ಬಂದು ಎಷ್ಟೋ ತಪ್ಪು ಕಡಿಮೆಯಾದವು. ಆದರೂ ಎಡಗೈಗೆ ಚುಚ್ಚಿದರೆ, ಎದೆಯ ಅಭಿಧಮನಿಯಲ್ಲಿ ಗಟ್ಟಿಯಾಗಿ ತುಂಬಿದ ಔಷಧಿ ಪಕ್ಕದ ಧಮನಿಯನ್ನು ಕಪ್ಪಾಗಿಸಿ ಇಲ್ಲದ ಅಡಚಣೆ ತೋರಿಸಬಹುದು.

ಅಂದರೆ ಗೆರೆ ಎಳೆದದ್ದು ಒಂದು ಯಂತ್ರ, ಅಳೆಯುತ್ತಿರುವುದು ಇನ್ನೊಂದು. ಅದಕ್ಕೇ ಆಪರೇಷನ್‌ಗೆ ಮುಂಚೆ ಡಾಪ್ಲರ್ ಅಥವಾ ಸಿಟಿ ಆಂಜಿಯೋದ ಜೊತೆ ತಾಳೆ ನೋಡುವುದು.

ಕಾಕಾಗೆ ಇಷ್ಟೇ ಹೇಳಿದೆ: "ಎರಡನೇ ಪರೀಕ್ಷೆ ಬೇಕೇನು ಅಂತ ಡಾಕ್ಟರನ್ನ ಇವತ್ತೇ ಕೇಳ್ರಿ. ಖರೇನ ಕಿರಿದಾಗಿದ್ರ ಎರಡು ವಾರದಾಗ ಆಪರೇಷನ್ ಆದ್ರ ಛಲೋ. ಸಂಶಯ ಪಡ್ರಿ, ತಡಾ ಮಾಡಬ್ಯಾಡ್ರಿ."